ದೊರೆಗೆ ಕಟ್ಟಿದ ಕೊರಡು

ಹೊಸ ನೂಲಿನ ಹಗ್ಗಕ್ಕೆ ಒಂದು ವಾಸನೆ ಇರುತ್ತದೆ. ಹುಲ್ಲಿನ ಮೆದೆಯ ಮೇಲೆ ಒಣಹಾಕಿದ ಬಟ್ಟೆಯನ್ನು ಸಂಜೆ ಮಡಚುವಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಹೋದ ಶನಿವಾರ ಕೆ.ಆರ್. ಪೇಟೆಯ ಹಗ್ಗದಂಗಡಿಯೊಂದರ ಮುಂದೆ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಂತು. ಅಂಥ ಅಂಗಡಿಗಳನ್ನು ನೀವೂ ನೋಡಿರುತ್ತೀರಿ. ತೊಲೆಯಿಂದ ಮೂಗುದಾರ, ಕಣ್ಣಿ, ಕೊರಳಗೆಜ್ಜೆ ಎಲ್ಲ ಇಳಿಬಿದ್ದಿರುತ್ತವೆ. ಒಳಕ್ಕೆ ಹೋಗಬೇಕಾದರೆ ತಲೆ ತಗ್ಗಿಸಿಯೇ ಹೋಗಬೇಕು. ಈಗೀಗ ಅವುಗಳ ಪಕ್ಕದಲ್ಲೇ ಕೆಂಪು, ನೀಲಿ ಬಣ್ಣದ ನಾಯಿ ಬೆಲ್ಟುಗಳೂ ನೇತಾಡುತ್ತವೆ.

"ದನಕ್ಕಾ, ನಾಯಿಗಾ ಸಾ?" ಎಂದು ಕೇಳಿದ ಅಂಗಡಿಯವನು.

ಇಷ್ಟು ಸುಲಭದ ಪ್ರಶ್ನೆಗೆ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ನಾನು ಮಾತಿಗೆ ತಡವರಿಸುವ ಆಸಾಮಿ ಅಲ್ಲವೆಂದು ನನ್ನನ್ನು ಬಲ್ಲವರೆಲ್ಲ ಹೇಳಿಯಾರು. ಬಸ್ಸಿನಲ್ಲಿ ಪಕ್ಕದ ಸೀಟಿನವರು ನಿದ್ದೆ ಬಂದವರಂತೆ ನಟಿಸುವುದು ಯಾಕೆಂದು ನನಗೂ ಗೊತ್ತು. ಹಿಂದಿನ ದಿನ ಅಕ್ಕ ಫೋನು ಮಾಡಿ ಹೇಳಿದ್ದಳು: "ದೊರೆಗೆ ಒಂದು ಒಸಾ ಬೆಲ್ಟು ತಕ್ಕೊಂಡ್ ಬಾರೋ. ಮೆತ್ತುಗಿರೋದು, ಕುತ್ಗೆ ಕೊರೀಬಾರ್ದು. ಸೋಮವಾರ ನಾಗಮಂಗಲಕ್ಕೆ ಓಗಿ ಅದುನ್ನ ನೋಡ್ಕೊಂಡ್ ಬರಾನ. ಎಂಟು ವರ್ಸ ಆಯ್ತು. ಇನ್ನೆಷ್ಟು ದಿನ ನಿನ್ ಬಾಯಲ್ಲೇ ಕೇಳ್ಲಿ ಅದರ ಸುದ್ದಿಯ?"

ದೊರೆ ಎಂಬುದು ಅಕ್ಕನ ನಾಯಿ. ಅದು ಸತ್ತು ಐದು ವರ್ಷವಾಗಿತ್ತು. ಈ ಸಂಗತಿ ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ.

"ಆಮೇಲೆ ಬತ್ತೀನಿ" ಎಂದು ಅಂಗಡಿಯವನಿಗೆ ಹೇಳಿ ಬರಿಗೈಯಲ್ಲಿ ರಸ್ತೆಗಿಳಿದೆ.

ಈಗ ನಿಮಗೆ ಮೊದಲಿಂದ ಹೇಳಬೇಕು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ನಾಟಿಗೆ, ಕಳೆಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೇರಿಕೊಂಡು ಊರೆಲ್ಲ ತಿರುಗಿದವಳು. ನಾನು ನಡೆಯುವುದನ್ನು ತಡವಾಗಿ ಕಲಿತದ್ದಕ್ಕೆ ಆ ಸೊಂಟವೇ ಕಾರಣ ಎಂದು ಅಜ್ಜಿ ಹೇಳುತ್ತಿದ್ದಳು. ಮಾತು ಮಾತ್ರ ಬೇಗ ಬಂತಂತೆ. ಜಗಲಿಯ ಮೇಲೆ ಕೂತ ಮುದುಕರು ಏನು ಹೇಳಿದರೂ ಅದಕ್ಕೆ ಬಾಲ ಸೇರಿಸಿ ಒಳಗೆ ಬಂದು ಒಪ್ಪಿಸುತ್ತಿದ್ದೆನಂತೆ. ಅಜ್ಜಿ ನಕ್ಕು ಬೆಲ್ಲ ಕೊಡುತ್ತಿದ್ದಳು. ಆ ಬೆಲ್ಲ ಕೊಡದೇ ಇದ್ದಿದ್ದರೆ ಚೆನ್ನಾಗಿತ್ತೇನೋ.

ಅಕ್ಕನನ್ನು ಶೀಳನೆರೆಯಿಂದ ಎರಡು ಮೈಲಿ ಒಳಗಿರುವ ಊರಿಗೆ ಕೊಟ್ಟರು. ನಾನು ಪಾಂಡವಪುರದಲ್ಲಿ ಗುಮಾಸ್ತಿಕೆ ಹಿಡಿದೆ. ಅಕ್ಕ-ಭಾವನದು ಕಬ್ಬಿನ ಗದ್ದೆ, ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ಆ ಡೈರಿಯ ಕ್ಯಾನುಗಳ ಸಂದಿಯಲ್ಲಿ ಒಂದು ಬೆಳಿಗ್ಗೆ ಕಂದು ಬಣ್ಣದ ನಾಯಿಮರಿ ಸಿಕ್ಕಿತು. ಯಾರು ಗದರಿದರೂ ಕೂತಲ್ಲಿಂದ ಏಳದೆ, ಚೆಲ್ಲಿದ ಹಾಲು ನೆಕ್ಕುತ್ತ ಕೂತಿತ್ತು. "ಇದ್ಯಾವ ದೊರೆಯಪ್ಪ, ನಾವ್ ಬಂದ್ರೂ ಏಳಾಕಿಲ್ಲ!" ಎಂದರು ಭಾವ. ಹೆಸರು ಅಲ್ಲೇ ಆಯಿತು. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಹಳ್ಳಿಯ ನಾಯಿಗೆ ಹಗ್ಗವೆಲ್ಲಿಯದು ಎಂದು ನೀವು ಕೇಳಬಹುದು. ದೊರೆಗೂ ಎರಡು ವರ್ಷ ಹಗ್ಗ ಇರಲಿಲ್ಲ. ಅದರ ಎದೆ ಅಗಲವಾಯಿತು, ಕಾಲು ಗಟ್ಟಿಯಾಯಿತು, ಮತ್ತು ಅದಕ್ಕೆ ಕೋಳಿಯ ರುಚಿ ಹತ್ತಿತು. ಒಂದು ಗೋಡೆಯಾಚೆ ಸಾಕಮ್ಮನ ಮನೆ. ಅಕ್ಕ ಮತ್ತು ಸಾಕಮ್ಮ ಒಂದೇ ವರ್ಷ ಮದುವೆಯಾಗಿ ಆ ಊರಿಗೆ ಬಂದವರು. ಗೋಡೆಯ ಮೇಲೆ ಸಾರು, ಸುದ್ದಿ, ಬೈಗುಳ ಎಲ್ಲ ಓಡಾಡುತ್ತಿದ್ದ ಸ್ನೇಹ. ದೊರೆ ಮೊದಲನೆ ಕೋಳಿ ಹಿಡಿದಾಗ ಅಕ್ಕ ತನ್ನ ಕೋಳಿಯೊಂದನ್ನು ಕೊಟ್ಟು ಸಮಾಧಾನ ಮಾಡಿದಳು. ಎರಡನೆಯದು ಕಾವಿಗೆ ಕೂತಿದ್ದ ಕೋಳಿ. ಸಾಕಮ್ಮ ಅಂಗಳದಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ ಹೇಳಿದಳು:

"ನೋಡಕ್ಕಯ್ಯ, ಅಗ್ಗ ಆಕಿ ಇಡ್ಕೊಂಡ್ರೆ ಇಡ್ಕೊ. ಇಡ್ಕೊಳಾಕಾಗ್ದಿದ್ರೆ ಎಲ್ಲಾರ ಬುಟ್ಬುಟ್ಟು ಬಾ. ಇನ್ನೊಂದ್ ಕೋಳಿ ಓಯ್ತು ಅಂದ್ರೆ ನಾ ಮನುಸ್ಳಾಗಿರಾಕಿಲ್ಲ, ಯೋಳಿವ್ನಿ!"

ಹೀಗೆ ದೊರೆಯ ಕೊರಳಿಗೆ ಕರುವಿನ ಹಳೆಯ ಹಗ್ಗ ಬಿತ್ತು. ಒಂಟಿಯಾಗಿ ಕಟ್ಟಿಹಾಕಿದರೆ ಅದು ಊಳಿಟ್ಟು ಹಸುಗಳು ಹಾಲು ಸೊರೆಬಿಡದಂತೆ ಮಾಡುತ್ತಿತ್ತು. ಅದಕ್ಕೇ ಅಕ್ಕ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ದೊರೆ, ಹೀಗೆ ಡೈರಿಗೆ ಹೋಗತೊಡಗಿದಳು. ಹೋಗತೊಡಗಿದಳು ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ದೊರೆ ಎಳೆದುಕೊಂಡು ಹೋಗುತ್ತಿತ್ತು. ಹುಟ್ಟಿದ ಜಾಗ, ಚೆಲ್ಲಿದ ಹಾಲು, ಅದರ ಅವಸರ ಅದಕ್ಕೆ. ಡೈರಿಯ ಸಾಲಿನಲ್ಲಿ ನಿಂತವರಿಗೆ ಎರಡು ಹೊತ್ತೂ ಬಿಟ್ಟಿ ಮನರಂಜನೆ.

"ಬತ್ತಾವ್ರೆ ಕಣ್ರೋ, ದೊರೆ ಬತ್ತಾವ್ರೆ, ದಾರಿ ಬುಡ್ರೋ!"

"ದೊರೇನೇ, ಅಕ್ಕನ್ನ ಎಲ್ಲಿಗ್ ಇಡ್ಕೊಂಡ್ ಓಯ್ತಾ ಇದೀಯೆ? ಟೇಸನ್‌ಗಾ?"

"ಲೇ, ಅಕ್ಕಯ್ಯಂಗೆ ಎಲ್ಡು ಚಕ್ರ ಕಟ್ರೋ, ಪೇಟೆವರ್ಗೂ ಓಗ್ಬುಡ್ತಾಳೆ!"

ಅಕ್ಕ ನಗುತ್ತಿದ್ದಳು. ಆದರೆ ಅವಳಿಗೆ ಒಂದು ಉಪಾಯ ತಾನಾಗಿ ಹೊಳೆದಿತ್ತು. ಹೊಳೆದದ್ದಲ್ಲ, ಹಾಲು ಕಲಿಸಿದ್ದು. ದೊರೆ ಎಳೆದಾಗ ಕ್ಯಾನು ತುಳುಕುತ್ತಿತ್ತು, ಹಾಲು ಚೆಲ್ಲಬಾರದೆಂದು ಅವಳು ಗಕ್ಕನೆ ನಿಂತುಬಿಡುತ್ತಿದ್ದಳು. ಎಳೆಯುವುದಿಲ್ಲ, ಬೈಯುವುದಿಲ್ಲ, ಸುಮ್ಮನೆ ನಿಲ್ಲುವುದು. ದೊರೆ ಒಂದಷ್ಟು ಹೊತ್ತು ಮುಂದಕ್ಕೆ ಜಗ್ಗಿ, ಕಡೆಗೆ ಇದೇನಾಯಿತೆಂದು ಹಿಂದೆ ತಿರುಗಿ ಅವಳ ಮುಖ ನೋಡುತ್ತಿತ್ತು. ಹಗ್ಗ ಸಡಿಲವಾಗುತ್ತಿತ್ತು. "ಆಂ, ಬಾ ಈಗ" ಎಂದು ಅಕ್ಕ ಹೆಜ್ಜೆ ಕೀಳುತ್ತಿದ್ದಳು. ಮತ್ತೆ ನಾಲ್ಕು ಹೆಜ್ಜೆಗೆ ಎಳೆತ, ಮತ್ತೆ ನಿಲ್ಲುವುದು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಎರಡು ಸಲ ಡೈರಿಯ ಬಾಗಿಲು ಹಾಕಿ ಹಾಲು ವಾಪಸು ಬಂತು.

ಕಬ್ಬು ಕಡಿಯುವ ಹೊತ್ತಿಗೆ ಭಾವನಿಗೆ ಜೊತೆಯಾಗಲೆಂದು ನಾನು ಹತ್ತು ದಿನ ರಜೆ ಹಾಕಿ ಹೋದದ್ದು ಆಗಲೇ. ಜೊತೆ ಎಂದರೆ ಬದುವಿನ ಮೇಲೆ ನಿಂತು ಮಾತಾಡುವುದು. ಬಸ್ಸಿಳಿದ ಕೂಡಲೆ ದೊರೆ ನನ್ನ ಎದೆಯ ತನಕ ಹಾರಿ ಅಂಗಿಗೆ ಕೆಸರು ಬಳಿಯಿತು. ಮನೆಯವರ ಹೊರತು ಅದು ಹಾಗೆ ಹಾರುತ್ತಿದ್ದುದು ನನ್ನ ಮೇಲೆ ಮಾತ್ರ.

ಅಕ್ಕನ ನಿಲ್ಲುವ ಉಪಾಯ ನೋಡಿ ನಾನು ನಕ್ಕೆ. "ಇಂಗ್ ನಿಂತ್ಕಂಡು ಓದ್ರೆ ಡೈರಿ ಸೇರಾ ಒತ್ಗೆ ಆಲು ಮೊಸ್ರಾಗಿರ್ತದೆ ಕಣಕ್ಕ."

"ಆದ್ರೆ ಆಗ್ಲಿ ಬುಡು, ಮಜ್ಜಿಗೆ ಮಾಡ್ತೀನಿ. ನೆನ್ನೆ ಬೇವಿನ್ ಮರದ್ ಗಂಟ ಏಳ್ದೇ ಇಲ್ಲ ಗೊತ್ತಾ? ಕಲೀತಾ ಐತೆ. ಅದ್ಕೂ ಒತ್ತು ಬೇಕಲ್ವ?"

ಅವಳಿಗೆ ಹೊತ್ತು ಸಿಗಲಿಲ್ಲ. ಮಾರನೆಯ ಸಂಜೆಯೇ, ಸಾಕಮ್ಮನ ಕೋಳಿಗಳು ರಸ್ತೆ ದಾಟುವಾಗ ದೊರೆ ಹಾರಿತು. ಅಕ್ಕ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದಳು. ಮೊಳಕಾಲೂರಿ ಬಿದ್ದಳು, ಹಾಲು ಚೆಲ್ಲಿತು, ಅಂಗೈಯ ಚರ್ಮ ಸುಲಿಯಿತು. ಆದರೂ ಹಗ್ಗ ಬಿಡಲಿಲ್ಲ, ಕೋಳಿ ಉಳಿಯಿತು. ಸಾಕಮ್ಮ ಓಡಿಬಂದು ಅಕ್ಕನನ್ನು ಎತ್ತಿ ಕೂರಿಸಿ, ಗಾಯಕ್ಕೆ ಅರಿಸಿನ ಮೆತ್ತುತ್ತಲೇ ತೀರ್ಪು ಕೊಟ್ಟಳು.

"ಇವತ್ತು ಕೈ, ನಾಳೆ ಸ್ವಂಟ. ನನ್ ಕೋಳಿ ಅತ್ಲಾಗಿರ್ಲಿ, ಇದು ನಿನ್ನೇ ಸಾಯಿಸ್ತದೆ. ಭಾನುವಾರದ ಗಂಟ ನೋಡ್ತೀನಿ. ಇದು ಮರ್ಯಾದೆಯಾಗಿ ನಿನ್ ಪಕ್ಕದಲ್ಲಿ ನಡ್ಕಂಡು ನಮ್ಮಟ್ಟಿ ಮುಂದೆ ಓದ್ರೆ ಸರಿ. ಇಲ್ದಿದ್ರೆ ನನ್ ಮಗನ್ ಗಾಡೀಲಿ ಆಕ್ಕೊಂಡ್ ಓಗಿ ಒಳೆ ಆಚೀಕ್ ಬುಟ್ಟು ಬತ್ತೀವಿ. ನೀನು ಅಡ್ಡ ಬರ್ಬೇಡ."

ಅಕ್ಕ ದೊರೆಯ ತಲೆಯನ್ನು ತೊಡೆಗೆ ಒತ್ತಿಕೊಂಡಳು. ಆಗ ನಾನು ಬಾಯಿ ಬಿಟ್ಟೆ. "ಭಾನ್ವಾರ ಯಾಕೆ, ಶುಕ್ರವಾರಕ್ಕೇ ನಡ್ಸಿ ತೋರುಸ್ತೀನಿ. ಓರಿಗಳ್ನ ಪಳಗ್ಸಿದ್ ಕೈ ಇದು. ನಾಯಿ ಯಾವ ಲೆಕ್ಕ?"

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಹೋರಿ ಪಳಗಿಸಿದವನಲ್ಲ. ನಮ್ಮಪ್ಪ ಪಳಗಿಸುವಾಗ ಹಿಂದೆ ಹಿಂದೆ ಬಾರುಕೋಲು ಹೊತ್ತುಕೊಂಡು ನಡೆದವನು. ಭಾವನಿಗೆ ಇದು ಗೊತ್ತಿತ್ತು. ಮೀಸೆಯಲ್ಲೇ ನಕ್ಕು, "ಅಂಗಾದ್ರೆ ಕೊರಡು ಕಟ್ಬುಡಪ್ಪ ಮತ್ತೆ" ಎಂದರು.

ಕೊರಡು ಎಂದರೆ ಮೊಳದುದ್ದದ ಜಾಲಿಯ ತುಂಡು. ಬೇಲಿ ಹಾರುವ ಹಸುವಿನ ಕೊರಳಿಗೆ, ಮುಂಗಾಲಿನ ಮಂಡಿಗೆ ತಾಗುವಂತೆ ಇಳಿಬಿಡುತ್ತಾರೆ. ಹಸು ನಿಧಾನವಾಗಿ ಮೇಯುತ್ತಿದ್ದರೆ ಏನೂ ಆಗುವುದಿಲ್ಲ. ಓಡಿದರೆ ಮಂಡಿಗೆ ಪೆಟ್ಟು.

ಅಕ್ಕ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. "ನನ್ ಮಗೀಗೆ ಕೊರಡು ಕಟ್ಟೋರು ಈ ಅಟ್ಟೀಲಿ ಉಣ್ಬೇಡಿ."

"ಏ, ತಮಾಸೆಗಂದ್ರು ಭಾವ" ಎಂದೆ ನಾನು.

ಮಾರನೆಯ ಬೆಳಿಗ್ಗೆ ದೊರೆಯನ್ನು ನಾಲೆಯ ಏರಿಯ ಮೇಲೆ ಕರೆದುಕೊಂಡು ಹೋದೆ. ಒಂದು ಗಂಟೆ ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಅದು ಎಳೆಯಿತು, ನಾನೂ ಎಳೆದೆ. ನಾನು ಎಳೆದಷ್ಟೂ ಅದು ಎಳೆಯಿತು. ಗದ್ದೆಗೆ ಹೋಗುತ್ತಿದ್ದವರು ಯಾರೋ, "ಏನ್ ಗುಮಾಸ್ತ್ರೇ, ಯಾರ್ ಯಾರ್ನ ಪಳಗಿಸ್ತಾ ಇರೋದು?" ಎಂದು ಕೇಳಿ ಮುಂದೆ ಹೋದರು. ಆ ಮಾತು ಹೊಟ್ಟೆಯೊಳಗೆ ಕೂತುಬಿಟ್ಟಿತು. ಕಬ್ಬಿನ ಗದ್ದೆಯ ಅಂಚಿನಲ್ಲಿ ಜಾಲಿಯ ತುಂಡೊಂದು ಬಿದ್ದಿತ್ತು. ಅದಕ್ಕೆ ಹಗ್ಗ ಬಿಗಿದು ದೊರೆಯ ಕೊರಳಿಗೆ ಇಳಿಬಿಟ್ಟೆ.

ಕಟ್ಟುವಾಗ ಅದು ನನ್ನ ಕೈ ನೆಕ್ಕಿತು.

ಆರು ಬೆಳಿಗ್ಗೆ ಹಾಗೆ ಮಾಡಿದೆ. ಮನೆಯಿಂದ ಹೊರಡುವಾಗ ಬರಿಯ ಹಗ್ಗ. ಏರಿ ತಲುಪಿದ ಮೇಲೆ ಕಬ್ಬಿನ ಸಾಲಿನೊಳಗೆ ಬಚ್ಚಿಟ್ಟ ಕೊರಡು. ವಾಪಸಾಗುವಾಗ ಅದನ್ನು ಮತ್ತೆ ಕಬ್ಬಿನೊಳಗೆ ಸೇರಿಸುವುದು. ದೊರೆ ಮುಂದಕ್ಕೆ ನುಗ್ಗಿದರೆ ಕೊರಡು ಮಂಡಿಗೆ ಟಕ್ ಎಂದು ಬಡಿಯುತ್ತಿತ್ತು. ಮೊದಲ ದಿನ ಅದು ಕುಂಯ್‌ಗುಟ್ಟಿತು. ಎರಡನೆಯ ದಿನ ನಿಂತು ಕೊರಡನ್ನು ಕಚ್ಚಲು ನೋಡಿತು. ನಾನು ಹಗ್ಗ ಜಗ್ಗಿ ನಡೆಸಿದೆ. ಇಲ್ಲಿಯೇ ನನ್ನ ಅರೆಬರೆ ವಿದ್ಯೆ ನೋಡಿ. ಅಪ್ಪ ಕೊರಡು ಕಟ್ಟುತ್ತಿದ್ದುದು ಬಿಟ್ಟು ಮೇಯಿಸುವ ದನಕ್ಕೆ. ಕೊರಡು ಕಟ್ಟಿದ ದನಕ್ಕೆ ಅಪ್ಪ ಎಂದೂ ಹಗ್ಗ ಹಿಡಿಯಲಿಲ್ಲ. ನೋವಾದರೆ ಅದು ತಾನೇ ನಿಲ್ಲಬಹುದು, ತನ್ನ ನಡಿಗೆಯನ್ನು ತಾನೇ ಆರಿಸಿಕೊಳ್ಳಬಹುದು. ನಾನು ಎರಡನ್ನೂ ಮಾಡಿದೆ. ಕೊರಡನ್ನೂ ಕಟ್ಟಿದೆ, ಹಗ್ಗವನ್ನೂ ಎಳೆದೆ. ಹಸುವಿನ ಮಂಡಿಗೂ ನಾಯಿಯ ಮಂಡಿಗೂ ಇರುವ ವ್ಯತ್ಯಾಸ ತಿಳಿಯಲು ಗುಮಾಸ್ತನಾಗಿರಬೇಕಿಲ್ಲ, ಕಣ್ಣಿದ್ದರೆ ಸಾಕು. ನಾಲ್ಕನೆಯ ದಿನದಿಂದ ದೊರೆ ಎಳೆಯಲಿಲ್ಲ. ಗೆದ್ದೆ ಎಂದುಕೊಂಡೆ. ಬೆಳಿಗ್ಗೆ ನನ್ನ ಚಪ್ಪಲಿಯ ಸದ್ದು ಕೇಳಿದರೆ ಅದು ಹಸುಗಳ ಗೋದಲಿಯ ಹಿಂದೆ ಸರಿದು, ಕೂತಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಅದನ್ನು ನೋಡಿದ್ದೆ. ನೋಡಿಯೂ ಗೆದ್ದೆ ಎಂದೇ ಅಂದುಕೊಂಡೆ.

ಭಾನುವಾರ ಅಕ್ಕ ಹಗ್ಗ ಹಿಡಿದು ಸಾಕಮ್ಮನ ಮನೆಯ ಮುಂದೆ ನಡೆದಳು. ಕೋಳಿಗಳು ಅಡ್ಡ ಬಂದವು. ದೊರೆ ತಲೆ ತಗ್ಗಿಸಿ, ಅಕ್ಕನ ಹಿಮ್ಮಡಿಯ ಹಿಂದೆ ನಡೆಯಿತು. ಸಾಕಮ್ಮ ಕೈ ಗಲ್ಲಕ್ಕಿಟ್ಟುಕೊಂಡು, "ಅಯ್ಯೋ ನನ್ ಶಿವನೇ, ಇದು ಅದೇ ನಾಯೇನಾ?" ಎಂದಳು. ಡೈರಿಯ ಹತ್ತಿರ ನನ್ನ ಸುತ್ತ ಜನ ಸೇರಿದರು. ನಾನು ಬಿಡುತ್ತೇನೆಯೇ? ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಉಸಿರು ಬಿಡುವ ಲೆಕ್ಕದಲ್ಲಿ ಹೆಜ್ಜೆ ಇಡಬೇಕು, ಅಪ್ಪ ಸಾಯುವ ಮೊದಲು ಕಿವಿಯಲ್ಲಿ ಹೇಳಿಕೊಟ್ಟ ಗುಟ್ಟು, ಹೀಗೆಲ್ಲ ಹೊಸೆದು ಹೊಸೆದು ಹೇಳಿದೆ. ಜನ ತಲೆದೂಗಿದರು. ಸಾಲಿನ ಕೊನೆಯಲ್ಲಿ ಅಕ್ಕ ಬಗ್ಗಿ ದೊರೆಯ ಗಲ್ಲ ಹಿಡಿದು ಎತ್ತುತ್ತಿದ್ದಳು.

"ಇದ್ಯಾಕೋ ನನ್ ಮಕಾನೇ ನೋಡ್ತಾ ಇಲ್ವಲ್ಲೋ."

"ಬುದ್ಧಿ ಬಂದೈತೆ ಕಣಕ್ಕ, ಅದ್ಕೆ."

ಸೋಮವಾರ ಅದು ಮೂರು ಕಾಲಲ್ಲಿ ನಿಂತಿತ್ತು. ಮುಂಗಾಲಿನ ಮಂಡಿ ನಿಂಬೆಹಣ್ಣಿನಷ್ಟು ಊದಿತ್ತು. ಹಸು ನೋಡಲು ಬಂದಿದ್ದ ದನದ ಡಾಕ್ಟರು ಕೂತು ಒತ್ತಿ ನೋಡಿದರು. "ಒಂದ್ಸಲ ಬಿದ್ದ ಪೆಟ್ಟಲ್ಲ ಇದು. ಪದೇ ಪದೇ ಆಗಿದೆ. ಯಾರಾದರೂ ಹಗ್ಗ ಹಾಕಿ ಎಳೆದಾಡಿದ್ದೀರಾ?"

ಅಕ್ಕ ತನ್ನ ಅರಿಸಿನ ಮೆತ್ತಿದ ಅಂಗೈ ನೋಡಿಕೊಂಡಳು. "ನಾನೇ ಸಾ. ಇಸ್ಟು ದಿನ ನಾನೇ ಜಗ್ಗಾಡಿದ್ದು. ಕೋಳಿ ಇಡೀಬಾರ್ದು ಅಂತ ಅವತ್ತು ಒಂದೇ ಸಮ್ಕೆ ಎಳ್ದೆ. ಅವತ್ತೇ ಓಯ್ತೇನೋ ಅದರ ಕಾಲು."

ನಾನು ಅಲ್ಲೇ ಇದ್ದೆ. ಡಾಕ್ಟರ ಚೀಲ ನನ್ನ ಕೈಯಲ್ಲೇ ಇತ್ತು. ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಜೀವಮಾನವಿಡೀ ಬೇಡದ ಕಡೆಯೆಲ್ಲ ಆಡಿದವನು, ಆಗ ಆ ಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ನಿಂತೆ. ಮಾರನೆಯ ದಿನ ಮೊದಲ ಬಸ್ಸಿಗೆ ಪಾಂಡವಪುರಕ್ಕೆ ಬಂದೆ.

ಹದಿನೈದು ದಿನಕ್ಕೆ ಅಕ್ಕನ ಫೋನು. "ಸಾಕಮ್ಮ ಈಗ ಇಟ್ಕೊ ಬುಡು ಅಂತಾವ್ಳೆ. ಆದ್ರೆ ನನ್ ಕೈಗೆ ಆ ಅಗ್ಗ ತಕ್ಕೊಂಡ್ರೆ ನಡುಕ ಬತ್ತದೆ ಕಣೋ. ಇಲ್ಲಿದ್ರೆ ಕಟ್ಲೇಬೇಕು, ಕಟ್ಟುದ್ರೆ ನಾನೇ ಅದುನ್ನ ಸಾಯಿಸ್ತೀನಿ. ಅಗ್ಗ ಇಲ್ದೆ ಇರೋ ಅಂಥ ಜಾಗ ಯಾವ್ದಾರ ಇದ್ರೆ ನೋಡು."

ನಾನು ನೋಡಿದೆ. ಕೇಳಿ, ಆಗಲೂ ಹೇಳಲಿಲ್ಲ, ಜಾಗ ನೋಡಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಚನ್ನಪ್ಪ ಎಂಬುವರ ತೆಂಗಿನ ತೋಟ ನಾಗಮಂಗಲದ ಆಚೆಗಿತ್ತು. ಸುತ್ತ ಬೇಲಿ, ಕೋಳಿ ಗೀಳಿ ಇಲ್ಲ. ಬಾಡಿಗೆ ವ್ಯಾನು ತಂದು ದೊರೆಯನ್ನು ಹತ್ತಿಸಿದೆ. ಅಕ್ಕ ಎಲೆಯಲ್ಲಿ ರಾಗಿಮುದ್ದೆ ಸುತ್ತಿಕೊಟ್ಟು, "ಕಟ್ಬೇಡಿ ಅಂತ ಯೋಳು, ಮರ್ತ್ಬುಟ್ಟೀಯ" ಎಂದಳು. ದಾರಿಯುದ್ದಕ್ಕೂ ದೊರೆ ನನಗೆ ಬೆನ್ನು ಹಾಕಿ ಮಲಗಿತ್ತು. ತೋಟದಲ್ಲಿ ಇಳಿಸಿ, ಚನ್ನಪ್ಪನವರಿಗೆ ಕಾಫಿಗೂ ನಿಲ್ಲಲು ಪುರಸೊತ್ತಿಲ್ಲ ಎಂದು ಹೇಳಿ ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ.

ಅಕ್ಕ ಮಾತ್ರ ಕೇಳುತ್ತಿದ್ದಳು. ಹಬ್ಬಕ್ಕೆ ಹೋದರೆ, ಫೋನು ಮಾಡಿದರೆ, "ಎಂಗೈತಂತೆ?" ಮೊದಮೊದಲು ಚನ್ನಪ್ಪನವರು ಹೇಳಿದ್ದನ್ನೇ ಹೇಳುತ್ತಿದ್ದೆ. ಕುಂಟುತ್ತದೆ, ಆದರೆ ಚೆನ್ನಾಗಿದೆ ಎಂದು. 'ಕುಂಟುತ್ತದೆ' ಎಂಬುದನ್ನು ಬೇಗನೆ ಬಿಟ್ಟೆ. ಆಮೇಲೆ ಬಾಲ ಸೇರಿಸತೊಡಗಿದೆ. ಎಳನೀರಿನ ಬುರುಡೆ ಒಳಗೆ ಮೂತಿ ತೂರಿಸಿಕೊಂಡಿತ್ತಂತೆ, ಚನ್ನಪ್ಪನವರ ಮೊಮ್ಮಗಳು ಅದಕ್ಕೆ ರಿಬ್ಬನ್ನು ಕಟ್ಟಿದಳಂತೆ, ಹಾಗಂತೆ, ಹೀಗಂತೆ. ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಮೂರು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಚನ್ನಪ್ಪನವರು, "ನಿಮ್ ನಾಯಿ ಓಯ್ತು ಕಣ್ರೀ, ಎರಡು ದಿನ ಅನ್ನ ಬುಟ್ಟಿತ್ತು" ಎಂದು ತಿಳಿಸಿದರು. ಯುಗಾದಿಗೆ ಹೋದಾಗ ಹೇಳೋಣ ಎಂದುಕೊಂಡೆ. ಯುಗಾದಿಯ ದಿನ ಅಕ್ಕ ಬಾಗಿಲಲ್ಲೇ, "ಎಂಗೈತಂತೆ?" ಎಂದಳು. "ದಪ್ಪ ಆಗೈತಂತೆ" ಎಂದಿತು ನನ್ನ ಬಾಯಿ. ಅಲ್ಲಿಂದ ಐದು ವರ್ಷ ಸತ್ತ ನಾಯಿಗೆ ನಾನು ಬಾಯಲ್ಲೇ ಅನ್ನ ಹಾಕಿದೆ.

ಹಗ್ಗದಂಗಡಿಯಿಂದ ಬರಿಗೈಯಲ್ಲಿ ಅಕ್ಕನ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಬೆಲ್ಟ್ ಎಲ್ಲೋ?"

"ತರ್ಲಿಲ್ಲ ಕಣಕ್ಕ. ದೊರೆ ಇಲ್ಲ."

"ಇಲ್ಲ ಅಂದ್ರೆ? ತಪ್ಪಿಸ್ಕಂಡ್ ಓಯ್ತಾ?"

"ಸತ್ತೋಯ್ತು."

ಅವರೆಕಾಯಿ ಕೈಯಲ್ಲೇ ನಿಂತಿತು. "ಯಾವಾಗ?"

"ಐದು ವರ್ಷ ಆಯ್ತು."

ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಓದ್ ದೀಪಾವಳೀಲಿ ಪಟಾಕಿಗೆ ಎದುರ್ಕಂಡು ಮಂಚದಡೀಕ್ ಓಗಿತ್ತು ಅಂದ್ಯಲ್ಲ?"

"ಸುಳ್ಳು."

"ಮಂಚದ್ ಕಾಲಿಗೆ ಬಾಲ ಸಿಕ್ಕಾಕಂಡಿತ್ತು ಅಂದೆ."

"ಸುಳ್ಳಕ್ಕ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಕ್ಕ ಅತ್ತು, ಬೈದು, ಸಂಜೆಗೆ ಊಟಕ್ಕೆ ಕರೆಯುತ್ತಿದ್ದಳು. ನನ್ನೊಳಗೆ ಅಂಥದೊಂದು ಲೆಕ್ಕಾಚಾರ ಆಗಲೂ ನಡೆಯುತ್ತಿತ್ತು. ಆದರೆ ಅವಳು ಆಕಡೆ ತಿರುಗಿ ತನಗೆ ತಾನೇ ಎಂಬಂತೆ, "ನಾನು ಕಾಲು ಮುರೀದೆ ಇದ್ದಿದ್ರೆ ಇಲ್ಲೇ ಇರ್ತಿತ್ತು" ಎಂದಳು. ಆಗ ಕೊರಡಿನ ವಿಷಯ ಹೇಳಿದೆ. ಆರು ದಿನ, ಏರಿ, ಕಬ್ಬಿನ ಸಾಲು, ಡಾಕ್ಟರ ಚೀಲ.

ಅಕ್ಕ ಬೈಯಲಿಲ್ಲ. ಬಲಗೈಯನ್ನು ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅವತ್ತಿಂದ ಈ ಕೈಯಾಗೆ ಅಗ್ಗ ಇಡ್ದಿಲ್ಲ ಕಣ್ಲಾ ನಾನು. ಅಸಾನೂ ಇಡ್ದಿಲ್ಲ. ಅವ್ರೇ ಕಟ್ಟಬೇಕು, ಅವ್ರೇ ಬಿಚ್ಚಬೇಕು. ಕರ ಉಟ್ಟುದ್ರೆ ದೂರ ನಿಂತ್ಕತೀನಿ. ಎಂಟು ವರ್ಸದಿಂದ ಈ ಕೈನೇ ಬೈತಾ ಇವ್ನಿ."

ಭಾವ ಹಸು ಕಟ್ಟುವುದನ್ನು ನಾನು ನೋಡಿದ್ದೆ. ಅಕ್ಕನ ಮಂಡಿನೋವಿಗೆಂದುಕೊಂಡಿದ್ದೆ. ಆ ಬಗ್ಗೆಯೂ ಡೈರಿಯಲ್ಲಿ ಒಂದು ತಮಾಷೆ ಮಾಡಿದ್ದೆ.

ಅವಳು ಎದ್ದು ಒಳಕ್ಕೆ ಕೂಗಿದಳು. "ಇವ್ರೇ, ವಸಿ ಬನ್ನಿ ಈಚೀಕೆ. ಇವ್ನು ಏನೋ ಯೋಳ್ತಾನೆ, ಕೇಳಿ." ಭಾವ ಬಂದರು. ಮೊದಲಿಂದ ಹೇಳಬೇಕಾಯಿತು. 'ನೀವೇ ಅಲ್ವ ಭಾವ ಕೊರಡು ಅಂದಿದ್ದು' ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಭಾವ ಟವೆಲ್ಲು ಕೊಡವಿಕೊಂಡು ಕೊಟ್ಟಿಗೆಗೆ ಹೋದರು. ಅಕ್ಕ ಗೋಡೆಯ ಹತ್ತಿರ ಹೋಗಿ, "ಸಾಕಿ, ಬಾರೆ ಇಲ್ಲಿ" ಎಂದಳು.

"ಅಕ್ಕ, ಸಾಕಮ್ಮಂಗ್ಯಾಕೆ..."

"ಅವತ್ತು ಡೈರೀಲಿ ಊರಿಗೆಲ್ಲ ಯೋಳ್ದಲ್ಲ. ಅವ್ಳೂ ಕೇಳಿಸ್ಕಂಡಿದ್ಲು. ಈಗ ಯೋಳು."

ಸಾಕಮ್ಮ ಗೋಡೆಗೆ ಮೊಣಕೈ ಊರಿ ನಿಂತಳು. ಮೂರನೆಯ ಸಲ ಹೇಳುವಾಗ ನನಗೊಂದು ವಿಷಯ ತಿಳಿಯಿತು. ಯಾವ ಕಥೆಯನ್ನಾದರೂ ಮೂರು ಸಲ ಹೇಳುವಷ್ಟರಲ್ಲಿ ಅದಕ್ಕೆ ನಾಲ್ಕು ಹೂವು ಮುಡಿಸುವವನು ನಾನು. ಇದಕ್ಕೆ ಮುಡಿಸಲು ಏನೂ ಸಿಗಲಿಲ್ಲ. ಪ್ರತಿ ಸಲಕ್ಕೂ ಅದು ಚಿಕ್ಕದಾಯಿತು. ಕೊನೆಗೆ ಉಳಿದದ್ದು ಇಷ್ಟೇ: ನಾಯಿಗೆ ಕೊರಡು ಕಟ್ಟಿದೆ, ಕಾಲು ಹೋಯಿತು, ಅಕ್ಕನ ಮೇಲೆ ಬರಲು ಬಿಟ್ಟೆ.

ಸಾಕಮ್ಮನಿಗೆ ಈಗ ಹಲ್ಲಿಲ್ಲ. ಒಂದು ಗಳಿಗೆ ದವಡೆ ಆಡಿಸಿ, "ಕೋಳಿ ಓದ್ರೆ ಮರಿ ಆಗ್ತಿದ್ವು ಕಣಪ್ಪ. ನಾನು ಬಾಯಿ ಜೋರು ಮಾಡ್ದೆ ಅಂತ ನೀನು ಇಂಗ್ ಮಾಡ್ಬುಡೋದಾ?" ಎಂದಳು. ಬೈದದ್ದಲ್ಲ, ಕೇಳಿದ್ದು.

ಅವತ್ತು ನನಗೆ ಅಕ್ಕ ಊಟ ಬಡಿಸಲಿಲ್ಲ, ಭಾವ ಬಡಿಸಿದರು. ಕೊರಡು ಕಟ್ಟುವವರು ಈ ಹಟ್ಟಿಯಲ್ಲಿ ಉಣ್ಣಬೇಡಿ ಎಂದು ಅವಳು ಅಂದು ಹೇಳಿದ್ದು ನೆನಪಾಗಿ ಅರ್ಧಕ್ಕೇ ಕೈತೊಳೆದೆ.

ಸೋಮವಾರ ಬೆಳಿಗ್ಗೆ ಅಕ್ಕ ಸೀರೆಯುಟ್ಟು ತಯಾರಾಗಿದ್ದಳು. ಎಲ್ಲಿಗೆ ಎಂದೆ. "ನಾಗಮಂಗಲಕ್ಕೆ. ಎಲ್ಲಿ ಮಣ್ ಮಾಡವ್ರೆ ಅಂತ ನೋಡ್ಬೇಕು." ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಮುಂದಿನ ಸೀಟಿನಲ್ಲಿ, ಗುರುತಿಲ್ಲದ ಹೆಂಗಸೊಬ್ಬಳ ಜೊತೆ ಕೂತಳು. ಆಧಾರ್ ಕಾರ್ಡು ತೋರಿಸಿ ತನ್ನ ಟಿಕೆಟ್ಟು ತಾನೇ ತೆಗೆದುಕೊಂಡಳು. ಅಷ್ಟು ದೂರದ ದಾರಿಯಲ್ಲಿ ನಾನು ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೂತವರಿಗೆ ನಿದ್ದೆ ನಟಿಸುವ ಕಷ್ಟ ತಪ್ಪಿತು.

ನಾಗಮಂಗಲದಲ್ಲಿ ಮೊದಲು ಇಳಿದು, ವಾಡಿಕೆಯಂತೆ ಕೈ ಚಾಚಿದೆ. ಬಸ್ಸಿನ ಮೆಟ್ಟಿಲು ಎತ್ತರ, ಅಕ್ಕನಿಗೆ ಎಪ್ಪತ್ತಾಗುತ್ತ ಬಂತು. ಅವಳು ನನ್ನ ಕೈಯನ್ನು ನೋಡಿದಳು. ಆಮೇಲೆ ಬಾಗಿಲ ಕಂಬಿ ಹಿಡಿದು, ಒಂದೊಂದೇ ಕಾಲು ಊರಿ ತಾನೇ ಇಳಿದಳು. ಸೆರಗು ಸರಿಮಾಡಿಕೊಂಡು ಕೇಳಿದಳು:

"ತೋಟ ಎಷ್ಟು ದೂರ?"

ಇಲ್ಲೇ ಅಕ್ಕ, ಎರಡು ಹೆಜ್ಜೆ, ಚನ್ನಪ್ಪನವರು ದಾರಿ ಕಾಯುತ್ತಿದ್ದಾರೆ, ಎಂಬುದೆಲ್ಲ ಬಾಯಿಯವರೆಗೆ ತಾನಾಗಿ ಬಂದು ನಿಂತಿತ್ತು.

"ಗೊತ್ತಿಲ್ಲ ಕಣಕ್ಕ. ಒಂದೇ ಸಲ ಬಂದಿದ್ದು, ಅದೂ ವ್ಯಾನಲ್ಲಿ. ಆಮೇಲೆ ಬರ್ಲೇ ಇಲ್ಲ."

ಅಕ್ಕ ಮೂರು ದಿನದಲ್ಲಿ ಮೊದಲ ಬಾರಿಗೆ ನನ್ನ ಮಾತಿಗೆ ತಲೆಯಾಡಿಸಿದಳು.

"ಅಂಗಾದ್ರೆ ಗೊತ್ತಿರೋರ್ನ ಕೇಳ್ಕಂಡ್ ಬಾ, ಓಗು" ಎಂದು, ಎಳನೀರಿನ ಗಾಡಿಯ ನೆರಳಿಗೆ ಹೋಗಿ ನಿಂತಳು.